ಕರಿಬೇವಿನ ಹುಳುವಿಗೆ ಹೊಸ ಅಂಗಿ

ಮಕ್ಕಳೇ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಹಿತ್ತಲಲ್ಲಿ ಕರಿಬೇವಿನ ಗಿಡ ಇಲ್ಲದಿರುವುದು ಅಪರೂಪ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಹತ್ತಿರ ಹೋಗಿ ನೋಡಿ. ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿಹುಳುವಾಗಿರಬಹುದು. ಹಕ್ಕಿಗಳ ಕಣ್ಣು ತಪ್ಪಿಸಲು ಈ ವೇಷ!

ಹುಳುವಿನ ಚರ್ಮ ನಮ್ಮದರಂತೆ ದೇಹದ ಜೊತೆ ಬೆಳೆಯದು. ಅಂಗಿ ಬಿಗಿಯಾದಾಗ ಬದಲಿಸುವಂತೆ ಅದು ಪೊರೆ ಕಳಚಬೇಕು. ಎದೆಭಾಗದ ಗ್ರಂಥಿಯಿಂದ ಬರುವ ಎಕ್ಡೈಸೋನ್ ಎಂಬ ಹಾರ್ಮೋನು ‘ಈಗ ಕಳಚು’ ಎನ್ನುತ್ತದೆ. ಮಿದುಳಿನ ಹಿಂದಿನ ಪುಟ್ಟ ಗ್ರಂಥಿಯ ಜುವೆನೈಲ್ ಹಾರ್ಮೋನು ‘ಇನ್ನೂ ಮಗುವಾಗಿರು’ ಎನ್ನುತ್ತದೆ. ಎರಡೂ ಇದ್ದರೆ ಹುಳು ಇನ್ನೂ ದೊಡ್ಡ ಹುಳುವಾಗುತ್ತದೆ. ಎರಡನೆಯದು ಇಲ್ಲವಾದಾಗ ಕೋಶ, ಆಮೇಲೆ ಚಿಟ್ಟೆ.

ನಾಲ್ಕನೆಯ ಸಲ ಪೊರೆ ಬಿಟ್ಟಾಗ ಹಿಕ್ಕೆಯ ವೇಷ ಹೋಗಿ ಹುಳು ಎಲೆಹಸಿರಾಗುತ್ತದೆ. ಜುವೆನೈಲ್ ಹಾರ್ಮೋನು ಇಳಿಯುವುದೇ ಇದಕ್ಕೆ ಕಾರಣ ಎಂದು, ಇದೇ ಬಳಗದ ಇನ್ನೊಂದು ಚಿಟ್ಟೆಯಲ್ಲಿ ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಈ ಹಾರ್ಮೋನುಗಳು ಎಷ್ಟು ಅಲ್ಪ ಗೊತ್ತೇ? 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆಕೋಶಗಳಿಂದ ಪಡೆದ ಎಕ್ಡೈಸೋನ್ ಬರೀ 25 ಮಿಲಿಗ್ರಾಂ! ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನೊಳಗೂ ಅದೇ ಜಾತಿಯ ಹುಳು.

ಅಜ್ಜ ಅಜ್ಜಿಯರೇ, ಎಲೆ ತೂತಾಯಿತೆಂದು ಔಷಧಿ ಹೊಡೆಸಬೇಡಿ. ಸಾರಿನ ಒಗ್ಗರಣೆಗೂ ಅದೇ ಎಲೆ ತಾನೆ? ಹುಳುವಿಗೆಂದು ಎರಡು ರೆಂಬೆ ಬಿಡಿ. ಮೊಮ್ಮಕ್ಕಳು ದಿನವೂ ನೋಡಿ, ಅದು ಹಸಿರಾದ ದಿನ, ಕೋಶವಾದ ದಿನ, ಹಾರಿಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.