ಮರೆವಿನ ಮಾತ್ರೆ ಮಿದುಳಿನಲ್ಲಿ ಕೆಲಸ ಮಾಡ್ತಿದೆಯೇ? ಪತ್ತೆಗೆ ಐಸೊಟೋಪ್ ಗುರುತು. ಕೋಲ್ಕತ್ತದ ಸೈಕ್ಲೋಟ್ರಾನ್‌ಗೂ ಇದಕ್ಕೂ ಏನು ನಂಟು?

ಮನೆಯ ಹಿರಿಯರಿಗೆ ಮರೆವಿನ ಕಾಯಿಲೆ ಇದ್ದರೆ ವೈದ್ಯರ ಚೀಟಿಯಲ್ಲಿ ಡೊನೆಪೆಜಿಲ್ ಎಂಬ ಹೆಸರನ್ನು ನೋಡಿರುತ್ತೀರಿ. ದಿನಕ್ಕೊಂದು ಮಾತ್ರೆಯೇನೋ ಕೊಡುತ್ತೇವೆ. ಆದರೆ ಅದು ಮಿದುಳಿನಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ, ಅಂದರೆ ಶೇ 7.4ರಷ್ಟು ಹಿರಿಯರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ.

ಮಾತ್ರೆ ಮಾಡುವುದೇನು?

ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅಲ್ಝೈಮರ್ ರೋಗಿಗಳಲ್ಲಿ ಕಡಿಮೆಯಾಗುತ್ತದೆ. ಇದನ್ನು ಒಡೆಯುವ ಕಿಣ್ವ ಕೋಲಿನ್‌ಎಸ್ಟರೇಸ್. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಔಷಧಗಳು ಈ ಕಿಣ್ವವನ್ನು ತಡೆದು, ಉಳಿದಿರುವ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತವೆ. ಇವು ರೋಗವನ್ನು ವಾಸಿ ಮಾಡುವುದಿಲ್ಲ, ಲಕ್ಷಣಗಳನ್ನಷ್ಟೇ ಕೆಲಕಾಲ ಹತೋಟಿಯಲ್ಲಿಡುತ್ತವೆ.

ಎರಡು ಬಗೆಯ ಗುರುತು

ಔಷಧದ ಅಣುವಿನಲ್ಲಿ ಹೈಡ್ರೋಜನ್ ಬದಲು ಡ್ಯುಟೀರಿಯಂ ಸೇರಿಸಿದರೆ ಅದರ ತೂಕ ತುಸು ಹೆಚ್ಚುತ್ತದೆ. ಇದರಲ್ಲಿ ವಿಕಿರಣವಿಲ್ಲ. ಗೊತ್ತಿರುವ ಪ್ರಮಾಣದಲ್ಲಿ ಇದನ್ನು ರಕ್ತದ ಮಾದರಿಗೆ ಬೆರೆಸಿ ಹೋಲಿಸಿದರೆ, ರಕ್ತದಲ್ಲಿರುವ ಔಷಧವನ್ನು ನಿಖರವಾಗಿ ಅಳೆಯಬಹುದು.

ಮಿದುಳಿನೊಳಗೆ ನೋಡಲು ವಿಕಿರಣ ಸೂಸುವ ಕಾರ್ಬನ್-11 ಬೇಕು. ಇದರ ಜಾಡನ್ನು ಪೆಟ್ ಸ್ಕ್ಯಾನ್ ಹಿಡಿಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ, ಈ ಕಿಣ್ವ ಒಡೆಯುವ ಅಣುವೊಂದಕ್ಕೆ ಕಾರ್ಬನ್-11 ಸೇರಿಸಿ ಡೊನೆಪೆಜಿಲ್ ಸೇವಿಸುತ್ತಿದ್ದ ರೋಗಿಗಳನ್ನು ಪರೀಕ್ಷಿಸಿತು. 2000ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಿದುಳಿನ ಹೊರಪದರದಲ್ಲಿ ಕಿಣ್ವಕ್ಕೆ ಬಿದ್ದ ತಡೆ ಸರಾಸರಿ ಶೇ 27 ಮಾತ್ರ. ರಕ್ತ ಪರೀಕ್ಷೆ ನೋಡಿ ಅಂದಾಜಿಸಿದ್ದಕ್ಕಿಂತ ಇದು ತೀರಾ ಕಡಿಮೆ! ಮುಂದೆ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡ ಡೊನೆಪೆಜಿಲ್‌ಗೇ ಕಾರ್ಬನ್-11 ಜೋಡಿಸಿ, ಮಾತ್ರೆ ಮಿದುಳಿನ ಯಾವ ಭಾಗದಲ್ಲಿ ಎಷ್ಟು ಅಂಟಿಕೊಳ್ಳುತ್ತದೆ ಎಂಬುದನ್ನು ನೇರವಾಗಿ ಅಳೆಯಿತು.

20 ನಿಮಿಷಗಳ ಓಟ

ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧದಷ್ಟಾಗುತ್ತದೆ. ಒಂದು ಗಂಟೆಯಲ್ಲಿ ಉಳಿಯುವುದು ಎಂಟನೇ ಒಂದು ಭಾಗ. ಹೀಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್, ರಸಾಯನ ಪ್ರಯೋಗಾಲಯ, ಸ್ಕ್ಯಾನರ್ ಎಲ್ಲವೂ ಹತ್ತಿರದಲ್ಲೇ ಇರಬೇಕು. ಫ್ಲೋರಿನ್-18 ಅರ್ಧಕ್ಕಿಳಿಯಲು ಸುಮಾರು 110 ನಿಮಿಷ ಬೇಕಾದ್ದರಿಂದ ಅದನ್ನು ಬೇರೆ ಆಸ್ಪತ್ರೆಗಳಿಗೂ ಸಾಗಿಸಬಹುದು.

ಕೋಲ್ಕತ್ತದ ಮಹತ್ವ ಇರುವುದೇ ಇಲ್ಲಿ. ಅಲ್ಲಿನ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್‌ನ ‘ಸೈಕ್ಲೋನ್-30’ ಯಂತ್ರ 2018ರ ಸೆಪ್ಟೆಂಬರ್‌ನಲ್ಲಿ ಕಾರ್ಯಾರಂಭ ಮಾಡಿತು. ವೈದ್ಯಕೀಯ ಬಳಕೆಗೆ ದೇಶದ ಅತಿದೊಡ್ಡ ಸೈಕ್ಲೋಟ್ರಾನ್ ಎಂದು ಆಗ ಅದನ್ನು ಪರಿಚಯಿಸಲಾಗಿತ್ತು. ಇಲ್ಲಿ ತಯಾರಾಗುವ ಫ್ಲೋರಿನ್-18ರಿಂದ ಗುರುತಿನ ಗ್ಲೂಕೋಸ್ ಸಿದ್ಧವಾಗುತ್ತದೆ. ಕ್ಯಾನ್ಸರ್ ಪತ್ತೆಗೆ ಹೆಚ್ಚಾಗಿ ಬಳಸುವ ಈ ಗ್ಲೂಕೋಸ್, ಡಿಮೆನ್ಷಿಯಾದಲ್ಲಿ ಮಿದುಳಿನ ಯಾವ ಭಾಗ ಸೊರಗಿದೆ ಎಂಬುದನ್ನೂ ತೋರಿಸುತ್ತದೆ. ಮಾತ್ರೆಯ ಜಾಡು ಹಿಡಿಯುವ ಸಂಶೋಧನೆಗೂ ಇಂಥ ಸೌಲಭ್ಯವೇ ಬುನಾದಿ.

ನೆನಪಿಡಿ: ಕಿಣ್ವದ ತಡೆ ಅಳೆಯುವ ಈ ಸ್ಕ್ಯಾನ್‌ಗಳು ಸಂಶೋಧನೆಗೆ ಮೀಸಲು. ವೈದ್ಯರನ್ನು ಕೇಳದೆ ಹಿರಿಯರ ಮಾತ್ರೆ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ.