ಮುಂದಿನ ಸಾರಥಿ ಯಾರು?

ಮ್ಯಾನೇಜರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬ್ಯಾಂಕಿನ ಗಾಜಿನ ಕೋಣೆ ಮೂಡುತ್ತದೆ. ಇಲ್ಲವೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮಾಣಿಗಳ ಮೇಲೆ ಕಣ್ಣಿಟ್ಟಿರುವ ಗಂಭೀರ ಮೂರ್ತಿಯೊಂದು ನೆನಪಾಗುತ್ತದೆ. ಅಂಥವನೊಬ್ಬ ಕೆಲಸ ಬಿಟ್ಟು ಹೋದನೆಂದು ಊರಿಗೆ ಊರೇ ಕಳವಳಗೊಂಡುದನ್ನು ನಾವಾರೂ ಕಂಡಿಲ್ಲ. ಅವನ ಸ್ಥಾನಕ್ಕೆ ಯಾರು ಬರಬೇಕೆಂದು ಕಾರ್ಖಾನೆಯ ಕೂಲಿಯಿಂದ ಹಿಡಿದು ಇಗರ್ಜಿಯ ಪಾದ್ರಿಯವರೆಗೆ ಸರ್ವರೂ ವಾದಿಸಿದುದನ್ನಂತೂ ಕೇಳಿಯೇ ಇಲ್ಲ. ಆದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಮ್ಯಾನೇಜರನ ಸಂಗತಿಯೇ ಬೇರೆ. ಆತ ಗುಮಾಸ್ತರ ಯಜಮಾನನಲ್ಲ. ಹನ್ನೊಂದು ಮಂದಿ ಆಟಗಾರರ ಸಾರಥಿ.

ಸಾರಥಿ ಎಂಬ ಮಾತನ್ನು ಇಲ್ಲಿ ಸುಮ್ಮನೆ ಬಳಸಿಲ್ಲ. ಕುರುಕ್ಷೇತ್ರದಲ್ಲಿ ಆಯುಧ ಹಿಡಿಯೆನೆಂದು ಹೇಳಿಯೂ ಯುದ್ಧವನ್ನು ನಡೆಸಿದವನಂತೆ, ಈತನೂ ಚೆಂಡನ್ನು ಮುಟ್ಟದೆಯೇ ಆಟವನ್ನು ನಡೆಸುತ್ತಾನೆ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕುಳಿತಿರಬೇಕು, ಯಾವ ವ್ಯೂಹವನ್ನು ಹೂಡಬೇಕು, ಎದುರಾಳಿಯ ಮರ್ಮವೆಲ್ಲಿದೆ — ಇವನ್ನೆಲ್ಲ ನಿರ್ಧರಿಸುವವನು ಆತನೇ. ಬಹುಕಾಲ ಆಟಗಾರರನ್ನು ಕೊಳ್ಳುವ, ಮಾರುವ ಅಧಿಕಾರವೂ ಆತನ ಕೈಯಲ್ಲಿಯೇ ಇದ್ದಿತು. ಇತ್ತೀಚೆಗೆ ಅನೇಕ ಕ್ಲಬ್ಬುಗಳು ಈ ಕೊಳ್ಳುವ ವ್ಯವಹಾರವನ್ನು ಬೇರೊಬ್ಬ ಅಧಿಕಾರಿಗೆ ಒಪ್ಪಿಸಿವೆ. ಅಧಿಕಾರ ಹಂಚಿಹೋದರೂ ಹೊಣೆ ಮಾತ್ರ ಹಂಚಿಹೋಗಿಲ್ಲ. ಗೆದ್ದರೆ ಹನ್ನೊಂದು ಮಂದಿಯ ಹೆಸರು. ಸೋತರೆ ಒಬ್ಬನ ತಲೆ!

ಇಂಥ ಗದ್ದುಗೆ ತೆರವಾದಾಗ ಅಭಿಮಾನಿಗಳ ಬಾಯಿಗೆ ಬೀಗ ಹಾಕುವವರಾರು? ಪಾನಗೃಹದ ಮೇಜಿನ ಸುತ್ತ, ಕಾರ್ಖಾನೆಯ ಊಟದ ಬಿಡುವಿನಲ್ಲಿ, ಊರಿನ ಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ಚರ್ಚೆ ಕಾವೇರುತ್ತದೆ. ಒಬ್ಬನ ಮತದಲ್ಲಿ ಮನೆಯ ಮಗನೇ ಮನೆಯನ್ನು ಆಳಬೇಕು. ಹಿಂದೆ ಈ ಕ್ಲಬ್ಬಿಗೆ ಆಡಿ ಹೆಸರು ಗಳಿಸಿದವನೇ ಬರಬೇಕು. ಇನ್ನೊಬ್ಬನಿಗೆ ಮನೆಯ ಮಗನ ಮೇಲೆ ನಂಬಿಕೆಯಿಲ್ಲ. ಪ್ರಶಸ್ತಿಗಳ ಗಂಟನ್ನು ಹೊತ್ತ ಹೊರಗಿನ ಮಹಾರಥಿಯೇ ಆಗಬೇಕು. ಮೂರನೆಯವನಿಗೆ ಗೆಲುವಿಗಿಂತ ಸೊಗಸಾದ ಆಟ ಮುಖ್ಯ. ನಾಲ್ಕನೆಯವನಿಗೆ ಶಿಸ್ತೊಂದಿದ್ದರೆ ಮಿಕ್ಕುದೆಲ್ಲ ತಾನಾಗಿ ಬರುತ್ತದೆ. ಮದುವೆಯ ಮನೆಯಲ್ಲಿ ವರನನ್ನು ಆರಿಸಲು ಕುಳಿತ ಬಂಧುಗಳ ನೆನಪು ವಾಚಕರಿಗೆ ಬಂದರೆ ತಪ್ಪಿಲ್ಲ. ಒಬ್ಬೊಬ್ಬರೂ ವರನ ಗುಣವನ್ನು ಹೇಳುತ್ತೇವೆಂದುಕೊಂಡು ನಿಜವಾಗಿ ತಮ್ಮ ಮನೆತನ ಎಂಥದೆಂಬುದನ್ನೇ ಹೇಳುತ್ತಿರುತ್ತಾರೆ. ಅಭಿಮಾನಿಗಳ ವಾದವೂ ಹಾಗೆಯೇ. ‘ಯಾರು ಬರಬೇಕು?’ ಎಂಬ ಪ್ರಶ್ನೆಯ ಒಡಲಲ್ಲಿ ‘ನಾವು ಯಾರು?’ ಎಂಬ ಪ್ರಶ್ನೆ ಅಡಗಿದೆ.

ಪ್ರೀತಿಯುಂಟು, ಮತವಿಲ್ಲ

ಇಷ್ಟೆಲ್ಲ ವಾದಿಸುವ ಈ ಜನರಿಗೆ ಆಯ್ಕೆಯಲ್ಲಿ ಅಧಿಕಾರವೆಷ್ಟು? ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಬಹುಮಟ್ಟಿಗೆ ಖಾಸಗಿ ಒಡೆತನದಲ್ಲಿವೆ. ಮ್ಯಾನೇಜರನನ್ನು ನೇಮಿಸುವವರೂ ತೆಗೆಯುವವರೂ ಒಡೆಯರು ಮತ್ತು ನಿರ್ದೇಶಕರು. ತಾತನ ಕಾಲದಿಂದ ಅದೇ ಮೈದಾನದಲ್ಲಿ ಮಳೆಯಲ್ಲಿ ನೆನೆದು ನಿಂತವನಿಗೆ ಒಂದು ಮತವೂ ಇಲ್ಲ. ಜರ್ಮನಿಯಲ್ಲಿ ಸ್ಥಿತಿ ಕೊಂಚ ಬೇರೆ. ಅಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಮತಾಧಿಕಾರದ ಹೆಚ್ಚಿನ ಪಾಲು ಕ್ಲಬ್ಬಿನ ಸದಸ್ಯರ ಕೈಯಲ್ಲಿಯೇ ಉಳಿಯಬೇಕೆಂಬ ನಿಯಮವಿದೆ. ಸ್ಪೇನಿನ ಬಾರ್ಸಿಲೋನ ಕ್ಲಬ್ಬಿನ ಸದಸ್ಯರು ತಮ್ಮ ಅಧ್ಯಕ್ಷನನ್ನು ಮತ ಹಾಕಿ ಚುನಾಯಿಸುತ್ತಾರೆ. ಆದರೆ ಅಲ್ಲಿಯೂ ಅವರು ಆರಿಸುವುದು ಆರಿಸುವವನನ್ನು, ಸಾರಥಿಯನ್ನಲ್ಲ.

ಅಧಿಕಾರವಿಲ್ಲದವರ ಪ್ರೀತಿ ಎಷ್ಟು ದೂರ ಹೋಗಬಲ್ಲುದು, ಅದರ ತೀರ್ಪು ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ತಪ್ಪು — ಇದನ್ನು ತಿಳಿಯಬೇಕಾದರೆ 1973ರಲ್ಲಿ ಡರ್ಬಿ ಎಂಬ ಊರಿನಲ್ಲಿ ನಡೆದುದನ್ನು ನೋಡಬೇಕು.

ಡರ್ಬಿಯ ಕಥೆ

ಇಂಗ್ಲೆಂಡಿನ ನಡುಭಾಗದಲ್ಲಿರುವ ಡರ್ಬಿ ರೈಲ್ವೆ ಕಾರ್ಖಾನೆಗಳ ಊರು. ರೋಲ್ಸ್ ರಾಯ್ಸ್ ಕಂಪನಿಯ ವಿಮಾನ ಎಂಜಿನುಗಳು ತಯಾರಾಗುವ ಊರು. ಅಲ್ಲಿನ ಡರ್ಬಿ ಕೌಂಟಿ ಕ್ಲಬ್ಬು 1884ರಲ್ಲಿ ಹುಟ್ಟಿದ್ದು. 1888ರಲ್ಲಿ ಲೀಗ್ ಪಂದ್ಯಗಳು ಮೊದಲಾದಾಗ ಸೇರಿದ ಹನ್ನೆರಡು ಕ್ಲಬ್ಬುಗಳಲ್ಲಿ ಒಂದು. ಹಿರಿಮೆ ಹಳೆಯದಾದರೂ 1967ರ ವೇಳೆಗೆ ಅದು ಎರಡನೆಯ ದರ್ಜೆಯಲ್ಲಿ ಬೆಳಕಿಲ್ಲದೆ ಬಿದ್ದಿತ್ತು.

ಆ ವರ್ಷ ಬ್ರಯನ್ ಕ್ಲಫ್ ಎಂಬ ತರುಣ ಅಲ್ಲಿಗೆ ಮ್ಯಾನೇಜರಾಗಿ ಬಂದನು. ವಯಸ್ಸು ಮೂವತ್ತೆರಡು. ಆಟಗಾರನಾಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದಿದ್ದ ಈತನ ಮಂಡಿ 1962ರ ಡಿಸೆಂಬರ್ 26ರಂದು ಆಟದ ನಡುವೆ ಮುರಿದು, ಆಟದ ಬಾಳು ಅಕಾಲದಲ್ಲಿ ಮುಗಿದಿತ್ತು. ಜೊತೆಗೆ ಬಂದವನು ಪೀಟರ್ ಟೇಲರ್. ಟೇಲರನದು ಆಟಗಾರರನ್ನು ಗುರುತಿಸುವ ಕಣ್ಣು. ಕ್ಲಫನದು ಅವರನ್ನು ಹುರಿದುಂಬಿಸುವ ನಾಲಗೆ. ಟಾಟನ್‌ಹ್ಯಾಂ ಕ್ಲಬ್ಬಿನಲ್ಲಿ ಕೀರ್ತಿ ಪಡೆದು ವಯಸ್ಸಾಯಿತೆನಿಸಿಕೊಂಡಿದ್ದ ಡೇವ್ ಮೆಕೈ ಎಂಬ ಸ್ಕಾಟ್ ವೀರನನ್ನು ಅವರು 1968ರಲ್ಲಿ ಡರ್ಬಿಗೆ ತಂದು ನಾಯಕನನ್ನಾಗಿ ಮಾಡಿದರು. ಮರುವರ್ಷವೇ ಕ್ಲಬ್ಬು ಮೊದಲ ದರ್ಜೆಗೇರಿತು.

1971ರ ಫೆಬ್ರವರಿಯಲ್ಲಿ ಊರಿನ ಜೀವನಾಡಿಯಾದ ರೋಲ್ಸ್ ರಾಯ್ಸ್ ಕಂಪನಿ ದಿವಾಳಿಯೆದ್ದು, ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಸಾವಿರಾರು ಸಂಸಾರಗಳ ಒಲೆಯ ಪ್ರಶ್ನೆ! ಅಂಥ ಊರಿಗೆ ಮರುವರ್ಷ, 1972ರ ಮೇ ತಿಂಗಳಿನಲ್ಲಿ, ದೇಶದ ಲೀಗ್ ಪ್ರಶಸ್ತಿ ಇತಿಹಾಸದಲ್ಲೇ ಮೊದಲ ಬಾರಿಗೆ ಬಂದಿತು. ಬಂದ ರೀತಿಯೂ ವಿಚಿತ್ರವೇ. ತಮ್ಮ ಪಂದ್ಯಗಳನ್ನೆಲ್ಲ ಮುಗಿಸಿದ ಆಟಗಾರರು ಟೇಲರನೊಡನೆ ಮಜಾರ್ಕ ದ್ವೀಪದಲ್ಲಿ ವಿಶ್ರಮಿಸುತ್ತಿದ್ದರು. ಕ್ಲಫ್ ಹೆಂಡತಿ ಮಕ್ಕಳೊಡನೆ ಮತ್ತೊಂದು ದ್ವೀಪದಲ್ಲಿದ್ದನು. ಇತ್ತ ಲೀಡ್ಸ್ ಸೋತಿತು, ಲಿವರ್‌ಪೂಲಿಗೆ ಗೆಲ್ಲಲಾಗಲಿಲ್ಲ. 58 ಅಂಕಗಳ ಡರ್ಬಿ ಒಂದೇ ಒಂದು ಅಂಕದಿಂದ ಮೇಲುಗೈಯಾಯಿತು. ಆಗ ಆ ಊರಿನವರಿಗೆ ಕ್ಲಫ್ ಸಂಬಳದ ನೌಕರನಾಗಿ ಉಳಿದಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆದರೆ ಹುರಿದುಂಬಿಸುವ ನಾಲಗೆ ಚುಚ್ಚಲೂ ಬಲ್ಲುದಷ್ಟೆ? ಪತ್ರಿಕೆಗಳಲ್ಲಿ, ಟೆಲಿವಿಷನ್ನಿನಲ್ಲಿ ಕ್ಲಫ್ ಆಡುತ್ತಿದ್ದ ಮಾತುಗಳು ನಿರ್ದೇಶಕರಿಗೆ ಸಹಿಸದಾದುವು. ಅವನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಸ್ಯಾಮ್ ಲಾಂಗ್ಸನ್ ಹಟ ಹಿಡಿದನು. 1973ರ ಅಕ್ಟೋಬರಿನಲ್ಲಿ ಕ್ಲಫ್, ಟೇಲರ್ ಇಬ್ಬರೂ ರಾಜೀನಾಮೆ ಕೊಟ್ಟರು. ನಿರ್ದೇಶಕರು ಅದನ್ನು ಅಂಗೀಕರಿಸಿಬಿಟ್ಟರು.

ಊರು ಕುದಿಯಿತು. ಅಭಿಮಾನಿಗಳು ಸಭೆ ಸೇರಿದರು. ಕ್ಲಫನನ್ನು ಮರಳಿ ಕರೆಯಬೇಕೆಂದು ಚಳವಳಿ ಹೂಡಿದರು. ಆಟಗಾರರೂ ಅದನ್ನೇ ಕೋರಿ ನಿರ್ದೇಶಕರಿಗೆ ಪತ್ರ ಬರೆದರು. ಅದೇ ವಾರ ನಡೆದ ಪಂದ್ಯದ ದಿನ ಕ್ಲಫ್ ಪ್ರೇಕ್ಷಕರ ನಡುವೆ ಕೆಲವು ಕ್ಷಣ ಕಾಣಿಸಿಕೊಂಡು, ಜಯಘೋಷಕ್ಕೆ ಕೈಯೆತ್ತಿ, ಹೊರಟುಹೋದನು. ಜನರ ಚರ್ಚೆಯಲ್ಲಿ ಮುಂದಿನ ಮ್ಯಾನೇಜರ್ ಯಾರೆಂಬುದಕ್ಕೆ ಎರಡನೆಯ ಹೆಸರೇ ಇರಲಿಲ್ಲ. ಹೋದವನೇ ಬರಬೇಕು!

ಕೇಳದೆ ಬಂದವನು

ಬಂದವನು ಮಾತ್ರ ಡೇವ್ ಮೆಕೈ. ಎರಡು ವರ್ಷಗಳ ಹಿಂದಿನವರೆಗೆ ಅವರ ನಾಯಕನಾಗಿದ್ದ, ಅವರೇ ಹೊತ್ತು ಮೆರೆಸಿದ್ದ ಮೆಕೈ! ಸಮೀಪದ ನಾಟಿಂಗ್‌ಹ್ಯಾಂ ಫಾರೆಸ್ಟ್ ಕ್ಲಬ್ಬಿನ ಕೆಲಸವನ್ನು ಬಿಟ್ಟು ಆತ ಈ ಉರಿಯೊಳಗೆ ಕಾಲಿಟ್ಟನು. ಬೇರಾವ ಹೊತ್ತಿನಲ್ಲಿ ಬಂದಿದ್ದರೂ ಹಾರ ಹಾಕುತ್ತಿದ್ದ ಕೈಗಳು ಈಗ ಹಿಂದಿನವನ ಹೆಸರಿನ ಫಲಕಗಳನ್ನು ಹಿಡಿದಿದ್ದುವು.

ರಾಮಾಯಣವನ್ನು ಬಲ್ಲ ನಮಗೆ ಈ ಸನ್ನಿವೇಶ ಹೊಸದಲ್ಲ. ಕಾಡಿಗೆ ಹೊರಟ ರಾಮನ ರಥದ ಹಿಂದೆ ಅಯೋಧ್ಯೆಯ ಜನ ತಮಸಾ ನದಿಯವರೆಗೂ ನಡೆದುಹೋದರು. ಅವರ ಪ್ರೀತಿಗೆ ಎಣೆಯಿಲ್ಲ, ನಿಜ. ಆದರೆ ಹಿಂದೆ ಉಳಿದು ರಾಜ್ಯವನ್ನು ಹೊರಬೇಕಾದ ಭರತನ ಪಾಡನ್ನು ಆ ಗಳಿಗೆಯಲ್ಲಿ ನೆನೆದವರೆಷ್ಟು ಮಂದಿ? ಭರತನಿಗಾದರೋ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ನಿಟ್ಟುಸಿರು ಬಿಡುವ ಅವಕಾಶವಿತ್ತು. ಫುಟ್‌ಬಾಲಿನಲ್ಲಿ ಪಾದುಕಾ ಪಟ್ಟಾಭಿಷೇಕಕ್ಕೆ ಎಡೆಯಿಲ್ಲ. ಮುಂದಿನ ಶನಿವಾರ ಪಂದ್ಯವಿದೆ.

ಮೆಕೈ ಆ ಶನಿವಾರಗಳನ್ನು ಒಂದೊಂದಾಗಿ ದಾಟಿದನು. ಮೊದಲ ವಾರಗಳು ಸುಲಭದವಾಗಿರಲಿಲ್ಲ. ಆಟಗಾರರ ಮನಸ್ಸು ಹಿಂದಿನವನ ಕಡೆಗೇ ಇದ್ದಿತು. ಆದರೂ ಆ ಋತು ಮುಗಿದಾಗ ಡರ್ಬಿ ಮೂರನೆಯ ಸ್ಥಾನದಲ್ಲಿತ್ತು. 1975ರಲ್ಲಿ, ಊರು ಪ್ರಳಯವೆಂದು ಭಾವಿಸಿದ್ದ ಘಟನೆಯಾಗಿ ಎರಡು ವರ್ಷ ತುಂಬುವ ಮೊದಲೇ, ಲೀಗ್ ಪ್ರಶಸ್ತಿ ಎರಡನೆಯ ಬಾರಿ ಡರ್ಬಿಗೆ ಬಂದಿತು. ಅದೇ ಅಕ್ಟೋಬರಿನಲ್ಲಿ ರಿಯಲ್ ಮ್ಯಾಡ್ರಿಡ್‌ನಂಥ ತಂಡವನ್ನು ತಮ್ಮ ಮೈದಾನದಲ್ಲಿ 4-1ರಿಂದ ಸೋಲಿಸಿದ ಆನಂದವೂ ಊರಿಗೆ ದೊರೆಯಿತು.

ಹಾಗಾದರೆ ಅಭಿಮಾನಿಗಳ ತೀರ್ಪು ತಪ್ಪಾಗಿತ್ತೇ? ತೀರ್ಮಾನಕ್ಕೆ ಅವಸರ ಬೇಡ. ಕ್ಲಫ್ ಮಧ್ಯೆ ಲೀಡ್ಸ್ ಕ್ಲಬ್ಬಿಗೆ ಹೋಗಿ ಬರಿಯ 44 ದಿನಗಳಲ್ಲಿ ಕೆಲಸ ಕಳೆದುಕೊಂಡನು. ಆದರೆ 1975ರ ಜನವರಿಯಲ್ಲಿ ಆತ ಸೇರಿದುದು ಡರ್ಬಿಯಿಂದ ಸುಮಾರು 15 ಮೈಲಿ ದೂರದ ನಾಟಿಂಗ್‌ಹ್ಯಾಂ ಫಾರೆಸ್ಟನ್ನು. ಎರಡನೆಯ ದರ್ಜೆಯಲ್ಲಿದ್ದ ಆ ಕ್ಲಬ್ಬನ್ನು, ಟೇಲರನೂ ಬಂದು ಸೇರಿದ ಮೇಲೆ, 1978ರಲ್ಲಿ ಲೀಗ್ ಪ್ರಶಸ್ತಿಗೂ, 1979 ಮತ್ತು 1980ರಲ್ಲಿ ಯೂರೋಪಿನ ಪರಮ ಪ್ರಶಸ್ತಿಗೂ ಏರಿಸಿದನು. ನೆರೆಮನೆಯ ಹಬ್ಬವನ್ನು ಡರ್ಬಿಯವರು ಕಿಟಕಿಯಿಂದ ನೋಡಬೇಕಾಯಿತು. 1976ರ ನವೆಂಬರಿನಲ್ಲಿ ಸೋಲುಗಳು ಬೆಳೆದಾಗ ಮೆಕೈಯನ್ನೂ ಕೆಲಸದಿಂದ ತೆಗೆದಿದ್ದರು; ಮರುವರ್ಷ ಕ್ಲಫನನ್ನು ಮರಳಿ ಕರೆಯಲು ಮಾಡಿದ ಪ್ರಯತ್ನಕ್ಕೆ ಆತ ಒಪ್ಪಲಿಲ್ಲ. 1980ರಲ್ಲಿ, ಫಾರೆಸ್ಟ್ ಎರಡನೆಯ ಬಾರಿ ಯೂರೋಪನ್ನು ಗೆದ್ದ ಅದೇ ವರ್ಷ, ಡರ್ಬಿ ಎರಡನೆಯ ದರ್ಜೆಗೆ ಇಳಿಯಿತು.

ಜನ ಎರಡು ಮಾತು ಹೇಳಿದ್ದರು. ‘ಇಂಥವನು ಮತ್ತೆ ದೊರೆಯಲಾರ’ ಎಂದರು. ಅದು ಅಕ್ಷರಶಃ ನಿಜವಾಯಿತು. ‘ಇವನಿಲ್ಲದೆ ಗೆಲುವಿಲ್ಲ’ ಎಂದರು, ಅದು ಸುಳ್ಳಾಯಿತು. ಕಳೆದುಕೊಂಡುದರ ಬೆಲೆಯನ್ನು ಪ್ರೀತಿ ಬಲ್ಲುದು. ಬರಲಿರುವುದರ ಬೆಲೆಯನ್ನು ಕಟ್ಟುವಾಗ ಅದರ ತಕ್ಕಡಿ ತೂಗಾಡುತ್ತದೆ.

ಮತ್ತೆರಡು ಊರುಗಳು

ಇದು ಡರ್ಬಿಯೊಂದರ ಮಾತಲ್ಲ. 1974ರ ಜುಲೈಯಲ್ಲಿ ಲಿವರ್‌ಪೂಲ್ ಕ್ಲಬ್ಬಿನ ಬಿಲ್ ಶ್ಯಾಂಕ್ಲಿ ನಿವೃತ್ತನಾಗುತ್ತೇನೆಂದಾಗ ಆ ಊರಿನ ಬೀದಿಗಳಲ್ಲಿ ಜನ ಸುದ್ದಿಯನ್ನೇ ನಂಬಲಿಲ್ಲ. ಸ್ಥಾನಕ್ಕೆ ಬಂದವನು ಬಾಬ್ ಪೈಸ್ಲಿ. 1939ರಿಂದ ಅದೇ ಕ್ಲಬ್ಬಿನಲ್ಲಿದ್ದು, ಆಟಗಾರರ ಗಾಯಗಳಿಗೆ ಆರೈಕೆ ಮಾಡುತ್ತ, ಹಿಂದೆಯೇ ನಿಂತಿದ್ದ ಮಿತಭಾಷಿ. ಆ ಗದ್ದುಗೆ ಆತನಿಗೇ ಬೇಕಾಗಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಆತ ಆರು ಲೀಗ್ ಪ್ರಶಸ್ತಿಗಳನ್ನೂ ಮೂರು ಬಾರಿ ಯೂರೋಪಿನ ಪ್ರಶಸ್ತಿಯನ್ನೂ ತಂದನು.

ಮ್ಯಾಂಚೆಸ್ಟರಿನಲ್ಲಿ ವಿಧಿ ಬೇರೆಯಾಯಿತು. 2013ರ ಮೇ ತಿಂಗಳಲ್ಲಿ ಅಲೆಕ್ಸ್ ಫರ್ಗುಸನ್ ಇಪ್ಪತ್ತಾರು ವರ್ಷಗಳ ಸಾರಥ್ಯವನ್ನು ಮುಗಿಸುತ್ತ, ಹೊಸಬನ ಬೆನ್ನಿಗೆ ನಿಲ್ಲಿರೆಂದು ಅಭಿಮಾನಿಗಳನ್ನು ಕೇಳಿಕೊಂಡನು. ಹೊಸಬನಾದ ಡೇವಿಡ್ ಮಾಯ್ಸ್‌ಗೆ ಆರು ವರ್ಷಗಳ ಕರಾರಾಗಿತ್ತು. ಹತ್ತು ತಿಂಗಳೊಳಗೆ ಆತ ಹೊರಬಿದ್ದನು. ಅದಕ್ಕೆ ಕೊಂಚ ಮೊದಲು, ಆತನನ್ನು ತೊಲಗಿಸಿರೆಂಬ ಬರಹವನ್ನು ಹೊತ್ತ ವಿಮಾನವೊಂದನ್ನು ಕೆಲವರು ಬಾಡಿಗೆಗೆ ಹಿಡಿದು ಮೈದಾನದ ಮೇಲೆ ಹಾರಿಸಿದರು. ಆಗ ಕೆಳಗೆ ಕುಳಿತಿದ್ದವರಲ್ಲಿ ಬಹುಮಂದಿ ಆ ವಿಮಾನವನ್ನೇ ಧಿಕ್ಕರಿಸಿದರೆಂಬುದನ್ನು ಮರೆಯಬಾರದು. ಸೋಲಿನ ಕಾಲದಲ್ಲಿಯೂ ಅವರು ಕೊಟ್ಟ ಮಾತಿಗೆ ನಿಂತರು.

ಮುಂದಿನ ಸಾರಥಿ ಯಾರೆಂಬ ಚರ್ಚೆಯನ್ನು ನಿಲ್ಲಿಸಿರೆಂದು ಅಭಿಮಾನಿಗಳಿಗೆ ಯಾರೂ ಹೇಳಲಾರರು, ಹೇಳಲೂಬಾರದು. ತಮ್ಮದಲ್ಲದ ಕ್ಲಬ್ಬನ್ನು ತಮ್ಮದೆನ್ನಲು ಅವರಿಗಿರುವ ಹಕ್ಕುಪತ್ರ ಆ ವಾದವೊಂದೇ. ಆದರೆ ಯಾರು ಬರಬೇಕೆಂದು ಕೇಳುವವರು, ಯಾರೇ ಬರಲಿ, ಬಂದವನನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದನ್ನೂ ಒಂದಿಷ್ಟು ಚರ್ಚಿಸಿದರೆ ಮೇಲಲ್ಲವೆ? ಮೊದಲನೆಯದು ಅವರ ಕೈಯಲ್ಲಿಲ್ಲ. ಎರಡನೆಯದು ಪೂರ್ತಿಯಾಗಿ ಅವರ ಕೈಯಲ್ಲಿಯೇ ಇದೆ.

ಕ್ಲಫ್ 2004ರಲ್ಲಿ ತೀರಿಕೊಂಡಾಗ ಸ್ಮರಣಸಭೆಗೆ ಸಾವಿರಾರು ಮಂದಿ ಬರುವರೆಂದು ತಿಳಿದು, ಅದನ್ನು ಡರ್ಬಿಯ ಕ್ರೀಡಾಂಗಣದಲ್ಲಿಯೇ ನಡೆಸಿದರು. ಬದ್ಧವೈರಿಗಳಾದ ಎರಡು ಊರುಗಳ ಅಭಿಮಾನಿಗಳೂ ಒಂದಾಗಿ ಕುಳಿತರು. ಎರಡೂ ಊರುಗಳನ್ನು ಸೇರಿಸುವ ಹೆದ್ದಾರಿಗೆ ಮರುವರ್ಷ ಆತನ ಹೆಸರಿಟ್ಟರು. 2010ರಲ್ಲಿ ಕ್ಲಫ್ ಮತ್ತು ಟೇಲರರ ಪ್ರತಿಮೆಯನ್ನು ಡರ್ಬಿಯ ಕ್ರೀಡಾಂಗಣದ ಹೊರಗೆ ನಿಲ್ಲಿಸಿದರು. ಅದೆಲ್ಲವೂ ಸಲ್ಲತಕ್ಕುದೇ. ಆದರೆ ಡರ್ಬಿ ಕೌಂಟಿ ತನ್ನ ದೀರ್ಘ ಇತಿಹಾಸದಲ್ಲಿ ದೇಶದ ಅತ್ಯುನ್ನತ ಲೀಗ್ ಪ್ರಶಸ್ತಿಯನ್ನು ಗೆದ್ದಿರುವುದು ಎರಡೇ ಬಾರಿ. 1972ರದು ಜನ ಎದೆಯಲ್ಲಿಟ್ಟುಕೊಂಡವನದು. 1975ರದು ಜನ ಕೇಳದೆ ಬಂದವನದು.