ಬರಡು ಜಮೀನಿನಲ್ಲಿ ಡೀಸೆಲ್ ಬೆಳೆಯಬಹುದಾ?

ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ ಕೆಲಸ, ಊರಲ್ಲಿ ಎರಡು ಎಕರೆ ಖುಷ್ಕಿ ಜಮೀನು, ವಯಸ್ಸಾದ ಅಪ್ಪ. ನಮ್ಮಲ್ಲಿ ಎಷ್ಟೋ ಜನರ ಪರಿಸ್ಥಿತಿ ಇದು. "ಇಂಧನದ ಗಿಡ ಹಾಕಿಬಿಟ್ರೆ ಹೇಗೆ?" ಅನ್ನೋ ಯೋಚನೆ ಅಲ್ಲಿಂದಲೇ ಬರುತ್ತೆ.

ಸರ್ಕಾರಕ್ಕೂ ಇದೇ ಯೋಚನೆ ಬಂದಿತ್ತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾವನ್ನು, ಅಂದರೆ ನಮ್ಮ ಕಾಡುಹರಳನ್ನು, ದೇಶದ ಪಾಳು ನೆಲದಲ್ಲೆಲ್ಲ ಬೆಳೆಸಿ ಡೀಸೆಲ್‌ಗೆ ಶೇ. 20ರಷ್ಟು ಬೆರೆಸುವ ಗುರಿ ಹಾಕಿಕೊಟ್ಟಿತು. ದನ ತಿನ್ನಲ್ಲ, ಕಲ್ಲು ನೆಲದಲ್ಲೂ ಬದುಕುತ್ತೆ. ನಿಜ. ಆದರೆ ಬರದಲ್ಲಿ ಬದುಕೋದು ಬೇರೆ, ಬರದಲ್ಲಿ ಬೀಜ ಕೊಡೋದು ಬೇರೆ. ನೀರು, ಗೊಬ್ಬರ ಇಲ್ಲದ ಗಿಡ ಹಸಿರಾಗಿ ನಿಂತಿತು, ಕಾಯಿ ಮಾತ್ರ ಬಿಡಲಿಲ್ಲ. 2018ರ ನೀತಿಯಲ್ಲಿ ಜೈವಿಕ ಡೀಸೆಲ್ ಗುರಿ 2030ಕ್ಕೆ ಶೇ. 5ಕ್ಕೆ ಇಳಿಯಿತು. ಇನ್ನೊಂದು ಮಾತು: ಕಾಗದದಲ್ಲಿ 'ಪಾಳು' ಅನ್ನಿಸಿಕೊಂಡ ನೆಲ ಅನೇಕ ಕಡೆ ಊರಿನ ಗೋಮಾಳ. ಕುರಿಯವರನ್ನ ಕೇಳಿ, ಅದು ಪಾಳೋ ಅಲ್ಲವೋ ಅಂತ.

ಹಾಗಾದರೆ ಸೌದೆಗೆ ಅಂತ ಮರ ಬೆಳೆದು ವಿದ್ಯುತ್ ಸ್ಥಾವರಕ್ಕೆ ಮಾರಿದ್ರೆ? ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಕೃಷ್ಣೆಯ ದಂಡೆಯ ಮೇಲೆ ಕಾಣೋ ಚಿಮಣಿಗಳು ನಾರ್ಲ ತಾತಾರಾವ್ ಉಷ್ಣ ವಿದ್ಯುತ್ ಸ್ಥಾವರದ್ದು. ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಜೀವರಾಶಿಯ ಉಂಡೆ ಸುಡಬೇಕು ಅಂತ ಕೇಂದ್ರ 2021ರಲ್ಲಿ ನೀತಿ ತಂದಿತು. ಲೆಕ್ಕ ಹಾಕೋಣ. 500 ಮೆಗಾವಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 8,000 ಟನ್ ಕಲ್ಲಿದ್ದಲು. ಅದರ ಶೇ. 5 ಅಂದ್ರೆ 400 ಟನ್. ಒಣ ಭೂಮಿಯಲ್ಲಿ ಎಕರೆಗೆ ವರ್ಷಕ್ಕೆ 3 ಟನ್ ಕಟ್ಟಿಗೆ ಅಂತಿಟ್ಕೊಂಡರೂ ಒಂದೇ ಘಟಕಕ್ಕೆ 48 ಸಾವಿರ ಎಕರೆ ಬೇಕು! ಅದಕ್ಕೇ ಈ ಉಂಡೆಗಳು ಹೆಚ್ಚಾಗಿ ಬೆಳೆಯ ಉಳಿಕೆಯಿಂದ ಬರೋದು. ದೂರದ ಲಾರಿ ಬಾಡಿಗೆ ಕಟ್ಟಿ ಎರಡು ಎಕರೆಯವರು ಗೆಲ್ಲೋ ಆಟ ಇದಲ್ಲ.

ಉಳಿಯೋದು ಹೊಂಗೆ. ತೆಲುಗಿನವರ ಕಾನುಗ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಹಿಡಿದ ದಾರಿ ನನಗೆ ಸರಿ ಕಾಣುತ್ತೆ: ಹೊಲದಲ್ಲಿ ಅಲ್ಲ, ಬದುವಿನ ಮೇಲೆ. ಹೊಂಗೆ, ಬೇವು, ಹಿಪ್ಪೆ. ಹೊಲದಲ್ಲಿ ರಾಗಿ ಹಾಗೇ ಇರುತ್ತೆ. ಹೊಂಗೆ ದ್ವಿದಳ ಜಾತಿ, ಗಾಳಿಯ ಸಾರಜನಕವನ್ನ ಬೇರಿನ ಗಂಟುಗಳಲ್ಲಿ ಹಿಡಿದಿಡುತ್ತೆ. ಸೊಪ್ಪು ಗದ್ದೆಗೆ ಹಸಿರು ಗೊಬ್ಬರ. ಕಾಯಿಗೆ ಐದಾರು ವರ್ಷ ಕಾಯಬೇಕು. ನಾಲ್ಕು ಕಿಲೋ ಬೀಜ ಹಿಂಡಿದರೆ ಹತ್ತಿರ ಹತ್ತಿರ ಒಂದು ಲೀಟರ್ ಎಣ್ಣೆ, ಉಳಿದ ಮೂರು ಕಿಲೋ ಹಿಂಡಿ. ಆ ಹಿಂಡಿ ಒಳ್ಳೆ ಗೊಬ್ಬರ. ಸಣ್ಣ ರೈತನಿಗೆ ಎಷ್ಟೋ ಸಲ ಎಣ್ಣೆಗಿಂತ ಅದೇ ಲಾಭ.

ಆದಿಲಾಬಾದ್ ಕಡೆಯ ಪವರ್‌ಗುಡದ ಆದಿವಾಸಿ ಹೆಂಗಸರು ಸಂಘ ಕಟ್ಟಿ, ಕಾಡಿನ ಕಾನುಗ ಬೀಜ ಗಾಣಕ್ಕೆ ಹಾಕಿದರು. ಆ ಎಣ್ಣೆಯಿಂದ ಉಳಿಯೋ 147 ಟನ್ ಇಂಗಾಲದ ಲೆಕ್ಕಕ್ಕೆ 2003ರಲ್ಲಿ ವಿಶ್ವಬ್ಯಾಂಕಿನಿಂದ 645 ಡಾಲರ್ ಬಂತು. ಮೊತ್ತ ಸಣ್ಣದು. ಆದರೆ ಗಾಣ ಅವರದೇ ಊರಲ್ಲಿತ್ತು.

ಹಾಗಾಗಿ ಸಸಿ ಮಾರೋರು ಎಕರೆಗಿಷ್ಟು ಲಕ್ಷ ಅಂದಾಗ, ಬೀಜ ಕೊಳ್ಳೋರು ಯಾರು, ಗಾಣ ಎಷ್ಟು ದೂರ, ಮೊದಲ ಐದು ವರ್ಷ ಮನೆ ನಡೆಯೋದು ಹೇಗೆ ಅಂತ ಕೇಳಿ. ಅಪ್ಪ ರಾಗಿ ಬಿತ್ತುತ್ತಾ ಇದ್ದರೆ ಬಿತ್ತಲಿ. ಮುಂದಿನ ಮಳೆಗಾಲಕ್ಕೆ ಊರಿಗೆ ಹೋದಾಗ ಬದುವಿನ ಮೇಲೆ ಹತ್ತು ಹೊಂಗೆ ನೆಟ್ಟು ಬನ್ನಿ.